ದುಬಾದ ಕಡಲಿನಲ್ಲಿ ಬೂಟು ಬಿಚ್ಚಿದ್ದು

ಎಲ್ಲ ಶುರುವಾದದ್ದು ಒಂದು ವೀಡಿಯೊದಿಂದ. ಯಾರೋ ನಾಲ್ವರು ಹುಡುಗರು ಬೆನ್ನಿಗೆ ಚೀಲ ಹಾಕಿಕೊಂಡು ಕೆರಿಬಿಯನ್ ಕಡಲ ದಂಡೆಯುದ್ದಕ್ಕೂ ನಡೆದು ಹೋಗುತ್ತಾರೆ, ತೆಂಗಿನ ಮರದ ಬುಡದಲ್ಲಿ ಮಲಗುತ್ತಾರೆ, ಮೀನು ಸುಟ್ಟು ತಿನ್ನುತ್ತಾರೆ. ಅದನ್ನು ನಮ್ಮ ಮೂವರ ವಾಟ್ಸಾಪ್ ಗುಂಪಿಗೆ ಹಾಕಿದವನು ನಾನೇ. "ಅಲ್ಲಿಗೆ ಹೋಗ್ಲಿಕ್ಕೆ ನಮ್ಮ ಹಣೆಯಲ್ಲಿ ಬರೆದಿಲ್ಲ. ಆದ್ರೆ ಈ ದೇಶಕ್ಕೂ ಒಂದು ಕಡಲು ಉಂಟಲ್ಲ ಮಾರಾಯ್ರೇ?" ಎಂದು ಕೆಳಗೆ ಬರೆದೆ. ಆ ಒಂದು ಸಾಲು ಬರೆಯದೆ ಇದ್ದಿದ್ದರೆ ಎಂದು ಈಗ ದಿನಕ್ಕೊಮ್ಮೆಯಾದರೂ ಅನ್ನಿಸುತ್ತದೆ.

ನಾವು ಮೂವರೂ ಒಂದು ಕಾಲದಲ್ಲಿ ಅರಬ್ ನಾಡಿನ ಥುಕ್ಬಾ ಎಂಬ ಊರಿನ ಒಂದೇ ರೂಮಿನಲ್ಲಿ ಇದ್ದವರು. ನನ್ನ ಮನೆಮಾತು ಕೊಂಕಣಿ, ಒಬ್ಬನದು ಬ್ಯಾರಿ, ಇನ್ನೊಬ್ಬನದು ನವಾಯತಿ. ಹಾಗಾಗಿ ನಮ್ಮ ಅಡುಗೆಯೂ ಜಗಳವೂ ಕನ್ನಡದಲ್ಲೇ ನಡೆಯುತ್ತಿದ್ದವು. ಆಮೇಲೆ ನಾನು ಥುಕ್ಬಾದಲ್ಲೇ ಉಳಿದೆ. ನವಾಯತಿ ಗೆಳೆಯ ತಬೂಕಿನ ಒಂದು ಕೃಷಿ ಕಂಪನಿಯ ಆಫೀಸು ಸೇರಿದ. ಬ್ಯಾರಿ ಗೆಳೆಯ ನಜ್ರಾನಿಗೆ ಹೋಗಿ ಸ್ಕ್ಯಾಫೋಲ್ಡಿಂಗ್ ಫೋರ್‌ಮನ್ ಆದ. ಕಟ್ಟಡದ ಸುತ್ತ ಕಬ್ಬಿಣದ ಪೈಪುಗಳ ಅಟ್ಟ ಕಟ್ಟಿಸುವವನು, ದಿನವಿಡೀ ಏಣಿ ಹತ್ತಿ ಇಳಿಯುವವನು. ನನ್ನದು ಸೇಫ್ಟಿ ಆಫೀಸರ್ ಕೆಲಸ. ಬೂಟಿಲ್ಲದೆ ಸೈಟಿಗೆ ಕಾಲಿಟ್ಟವನ ಮೇಲೆ ಹರಿಹಾಯುವುದಕ್ಕೇ ನನಗೆ ಸಂಬಳ. ಬಾಯಿ ಸ್ವಲ್ಪ ಜೋರು. ನನಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಎಂಬ ಅಹಂಕಾರವೂ ಇತ್ತು ಎನ್ನಿ.

ಈದ್ ರಜೆಗೆ ನಾನೂ ನಜ್ರಾನಿನವನೂ ತಬೂಕಿನಲ್ಲಿ ಬಂದಿಳಿದೆವು. ಅಲ್ಲಿಂದ ತಬೂಕಿನವನ ಕಾರಿನಲ್ಲಿ ಕೆಂಪು ಸಮುದ್ರದ ದಂಡೆಯ ದುಬಾಕ್ಕೆ. ದುಬೈ ಅಲ್ಲ, ದುಬಾ. ಮೀನುಗಾರರ ಸಣ್ಣ ಊರು. ಕಾರನ್ನು ಒಂದು ಪೆಟ್ರೋಲ್ ಬಂಕಿನಲ್ಲಿ ಬಿಟ್ಟು, ಡೇರೆ, ಅಕ್ಕಿ, ಕೆಟಲು ಹೊತ್ತುಕೊಂಡು ದಕ್ಷಿಣಕ್ಕೆ ನಡೆಯತೊಡಗಿದೆವು. ತೆಂಗಿನ ಮರ ಬಿಡಿ, ನೆರಳೂ ಇರಲಿಲ್ಲ. ಒಂದು ಕಡೆ ಬೋಳು ಗುಡ್ಡ, ಇನ್ನೊಂದು ಕಡೆ ಕಣ್ಣು ಕುಕ್ಕುವಷ್ಟು ನೀಲಿ ನೀರು. ಆದರೂ ಶಾಲೆಗೆ ಚಕ್ಕರ್ ಹೊಡೆದ ಮಕ್ಕಳಷ್ಟು ಖುಷಿಯಲ್ಲಿದ್ದೆವು.

ನಜ್ರಾನಿನವನು ಮಾತ್ರ ಹಿಂದೆ ಬೀಳುತ್ತಿದ್ದ. ತಬೂಕಿನವನು ಮುಂದೆ ಹೋದದ್ದನ್ನು ನೋಡಿಕೊಂಡು ನನ್ನ ತೋಳು ಹಿಡಿದ.

"ನಿನ್ನತ್ರ ಮಾತ್ರ ಹೇಳ್ತೇನೆ. ನಂಗೆ ಶುಗರ್ ಉಂಟು. ಬರುವ ತಿಂಗಳು ಕಂಪನಿಯ ಮೆಡಿಕಲ್. ಅನ್‌ಫಿಟ್ ಅಂತ ಬರೆದ್ರೆ ವೀಸಾ ಕೊಟ್ಟ ಕಫೀಲ್ ಎಕ್ಸಿಟ್ ಹೊಡೆದು ಊರಿಗೆ ಕಳಿಸ್ತಾನೆ. ಈ ಪ್ರಾಯದಲ್ಲಿ ಊರಿಗೆ ಹೋಗಿ ಎಂತ ಮಾಡ್ಲಿ ನಾನು?"

"ಶುಗರ್ ಯಾರಿಗಿಲ್ಲ ಮಾರಾಯ? ನಡೆದ್ರೆ ಇಳೀತದೆ. ನಡಿ ನಡಿ," ಎಂದೆ. ಧೈರ್ಯ ತುಂಬಿದೆ ಎಂದೇ ನಾನು ತಿಳಿದುಕೊಂಡಿದ್ದೆ.

ಎರಡನೆಯ ದಿನ ಮಧ್ಯಾಹ್ನ ಒಂದು ಕೊಲ್ಲಿ ಸಿಕ್ಕಿತು. ಮೊಣಕಾಲುದ್ದದ ನೀರು, ಅಡಿಯಲ್ಲಿ ಮೆತ್ತನೆಯ ಮರಳು. ನಮ್ಮೂರ ಕಡೆ ಅಳಿವೆಯಲ್ಲಿ ಇಂಥ ನೀರಿಗಿಳಿದು, ಹಿಮ್ಮಡಿಯಿಂದ ಮರಳು ಕೆದಕಿ, ಕಾಲಬೆರಳಿಗೆ ಚಿಪ್ಪು ತಾಗಿದೊಡನೆ ಬಗ್ಗಿ ಮರುವಾಯಿ ಹೆಕ್ಕುತ್ತೇವೆ. ಕಣ್ಣಿಗೆ ಅಲ್ಲಿ ಕೆಲಸವೇ ಇಲ್ಲ, ಎಲ್ಲ ಕಾಲಿನದೇ. ಮರುವಾಯಿ ಸುಕ್ಕ ತಿನ್ನದೆ ಎಷ್ಟು ವರ್ಷವಾಗಿತ್ತೋ. ನಾನು ಬೂಟು ಕಿತ್ತೆಸೆದು ಇಳಿದೇ ಬಿಟ್ಟೆ.

ನಜ್ರಾನಿನವನು ದಡದಲ್ಲೇ ನಿಂತ. "ಡಾಕ್ಟರು ಬರಿಗಾಲಲ್ಲಿ ನಡೀಬೇಡ ಅಂದಿದ್ದಾರೆ."

"ಅಳಿವೆ ಬಾಗಿಲಲ್ಲಿ ಹುಟ್ಟಿದವ ಬೂಟು ಹಾಕಿ ಮರುವಾಯಿ ಹೆಕ್ಕುದಾ? ನಿನ್ನ ಅಜ್ಜ ಕಂಡಿದ್ರೆ ಕಡಲಿಗೆ ಹಾರ್ತಿದ್ರು!"

ಅವನು ಬಿದ್ದು ಬಿದ್ದು ನಕ್ಕ. ಬೂಟು ಬಿಚ್ಚಿದ. ನೀರಿನಲ್ಲಿ ಅವನ ಮುಖ ನೋಡಬೇಕಿತ್ತು ನೀವು. ಹತ್ತು ವರ್ಷ ಚಿಕ್ಕವನಾಗಿದ್ದ. ಕೆದಕುತ್ತ ಕೆದಕುತ್ತ ಹವಳದ ಬಂಡೆಯ ಅಂಚಿನವರೆಗೂ ಹೋದ. ಅರ್ಧ ಗಂಟೆ ಬಿಟ್ಟು ಲುಂಗಿಯಲ್ಲಿ ನಾಲ್ಕೈದು ಚಿಪ್ಪು ಕಟ್ಟಿಕೊಂಡು ಬಂದು ಕುಳಿತಾಗ, ಅವನು ನಡೆದು ಬಂದ ದಾರಿಯ ಮರಳೆಲ್ಲ ಕೆಂಪಾಗಿತ್ತು.

ಬಲಗಾಲಿನ ಅಂಗಾಲಿನಲ್ಲಿ ಆರೇಳು ಕಪ್ಪು ಮುಳ್ಳು ಮುರಿದು ಕೂತಿದ್ದವು. ಆ ಕಡಲಿನ ಬಂಡೆಗಳ ಸಂದಿಯಲ್ಲಿ ಮೈಯೆಲ್ಲ ಮುಳ್ಳಿರುವ ಉಂಡೆಯಂಥ ಜೀವಿಗಳಿವೆ. ನಮ್ಮ ಅಳಿವೆಯ ಮರಳಿನಲ್ಲಿ ನಾನು ಅಂಥದ್ದನ್ನು ಕಂಡವನಲ್ಲ.

"ನೋವುಂಟಾ?" ಎಂದೆ.

"ಎಂತದೂ ಇಲ್ಲ ಮಾರಾಯ. ರಕ್ತ ಕಂಡ ಮೇಲೆಯೇ ಗೊತ್ತಾದದ್ದು."

"ಶಹಬ್ಬಾಸ್, ಗಂಡಸು!" ಎಂದು ಬೆನ್ನು ತಟ್ಟಿದೆ. ದೇವರೇ, ಎಂಥ ಮೂರ್ಖ ನಾನು!

"ಆಸ್ಪತ್ರೆಗೆ ಹೋಗುವ," ಎಂದ ತಬೂಕಿನವನು. ನಜ್ರಾನಿನವನು ನನ್ನ ಕಡೆ ನೋಡಿದ. ಆಸ್ಪತ್ರೆಯಲ್ಲಿ ವಾಸದ ಪರವಾನಗಿ ಇಕಾಮಾದ ನಂಬರ್ ಒತ್ತಿ ರಕ್ತ ಪರೀಕ್ಷೆ ಮಾಡಿದರೆ ಶುಗರ್ ಸುದ್ದಿ ಕಂಪನಿಗೆ ಹೋಗುತ್ತದೆ ಎಂಬ ಹೆದರಿಕೆ ಅವನಿಗೆ. ನಾನು ಅವನ ಪಕ್ಷ ವಹಿಸಿದೆ. "ಇಷ್ಟಕ್ಕೆಲ್ಲ ಆಸ್ಪತ್ರೆಯಾ? ಫಸ್ಟ್ ಏಡ್ ಕೋರ್ಸ್ ಮಾಡಿದವ ನಾನಿದ್ದೇನಲ್ಲ."

ಕಡಲ ಮುಳ್ಳಿನ ನಂಜಿಗೆ ಬಿಸಿನೀರು ಮದ್ದು ಎಂದು ಕೋರ್ಸಿನಲ್ಲಿ ಕಲಿಸಿದ್ದರು. ಮೊದಲು ನೀರಿಗೆ ನಿಮ್ಮ ಕೈ ಹಾಕಿ ನೋಡಿ ಎಂದೂ ಕಲಿಸಿದ್ದರು. ಸುಲೈಮಾನಿ ಚಹಾಕ್ಕೆಂದು ಕುದಿಸಿದ ನೀರನ್ನು ಪಾತ್ರೆಗೆ ಸುರಿದು, ಒಂದಿಷ್ಟು ಉಪ್ಪುನೀರು ಬೆರೆಸಿ, ಅವನ ಕಾಲು ಇಳಿಸಿದೆ. ಕೈ ಹಾಕಿ ನೋಡಲಿಲ್ಲ. ಅವನನ್ನೇ ಕೇಳಿದೆ.

"ಬಿಸಿ ಜಾಸ್ತಿ ಆಯ್ತಾ?"

"ಇಲ್ಲ, ಬೆಚ್ಚಗುಂಟು ಅಷ್ಟೆ. ಇನ್ನೂ ಹಾಕು."

ಹಾಕಿದೆ. ಎರಡು ಸಲ ಹಾಕಿದೆ.

ಮರುದಿನ ಬೆಳಿಗ್ಗೆ ಪಾದವೆಲ್ಲ ನೀರುಗುಳ್ಳೆ. "ನಂಜು ಹೊರಗೆ ಬರುದು ಅದು," ಎಂದೆ, ಪಂಡಿತನ ಹಾಗೆ. ಬಟ್ಟೆ ಸುತ್ತಿ, ಡೇರೆಯಲ್ಲೇ ಮಲಗಿಸಿದೆವು. ತಬೂಕಿನವನು ಮತ್ತೆ ಮತ್ತೆ ಆಸ್ಪತ್ರೆ ಎಂದಾಗ ಅವನಿಗೇ ಗದರಿದೆ. ಅದರ ಮರುದಿನ ಗುಳ್ಳೆ ಒಡೆದು ವಾಸನೆ ಬರತೊಡಗಿತು, ಮೈ ಕೆಂಡದಂತೆ ಸುಡುತ್ತಿತ್ತು, ನನ್ನ ಹೆಸರು ಹಿಡಿದು ಕರೆಯುತ್ತಿದ್ದರೂ ಅವನು ನೋಡುತ್ತಿದ್ದದ್ದು ಬೇರೆಲ್ಲೋ. ಆಗ ನನ್ನ ಜಂಬ ಇಳಿಯಿತು. ತಬೂಕಿನವನು ಓಡಿ ಹೆದ್ದಾರಿಗೆ ಹೋಗಿ, ಯಾರದೋ ಪಿಕಪ್ ಹತ್ತಿ, ಕಾರು ತಂದ. ದುಬಾದಲ್ಲಿ ನಿಲ್ಲಿಸದೆ ನೇರ ದೊಡ್ಡ ಆಸ್ಪತ್ರೆಗೆ ಓಡಿಸಿ, ನಮ್ಮಿಬ್ಬರನ್ನು ಬಾಗಿಲಲ್ಲಿ ಇಳಿಸಿದ.

ತಬೂಕಿನ ಆಸ್ಪತ್ರೆಯಲ್ಲಿ ಇದ್ದವರು ಹೈದರಾಬಾದಿನ ಡಾಕ್ಟರು. ಬಟ್ಟೆ ಬಿಚ್ಚಿದವರೇ ಹಿಂದಿಯಲ್ಲಿ ಸಿಡಿದರು. ಮುಳ್ಳು ಸಣ್ಣ ವಿಷಯ, ಇದು ಸುಟ್ಟ ಗಾಯ. ಸಕ್ಕರೆ ಕಾಯಿಲೆಯಿಂದ ಈ ಪಾದಗಳ ಸ್ಪರ್ಶಜ್ಞಾನ ಯಾವತ್ತೋ ಹೋಗಿದೆ, ಬಿಸಿಯೂ ಗೊತ್ತಾಗುವುದಿಲ್ಲ, ತಂಪೂ ಗೊತ್ತಾಗುವುದಿಲ್ಲ. "ಗರಂ ಪಾನಿ ಕಿಸ್ನೇ ಡಾಲಾ?" ಬಿಸಿನೀರು ಸುರಿದವರು ಯಾರು?

ಮಂಚದ ಮೇಲಿಂದ ಅವನೇ ಹೇಳಿದ: "ಮೈನೇ, ಡಾಕ್ಟರ್ ಸಾಬ್. ಇವ್ರು ಬೇಡ ಅಂದ್ರೂ ನಾನೇ."

ಮೂರು ಬೆರಳು ಮೊದಲು ಹೋದವು. ವಾರದ ಮೇಲೆ ಪಾದದ ಮುಂಭಾಗವೇ ಹೋಯಿತು. ಅರ್ಧ ಪಾದದವನಿಗೆ ಏಣಿ ಯಾರು ಕೊಡುತ್ತಾರೆ? ಮೆಡಿಕಲಿನ ಅಗತ್ಯವೇ ಬೀಳಲಿಲ್ಲ, ಕಂಪನಿ ನೇರ ಎಕ್ಸಿಟ್ ಹಾಕಿತು.

ಅವನು ಆಸ್ಪತ್ರೆಯಿಂದ ಹೊರಡುವ ಮೊದಲು ಕೇಳಿದೆ, "ಯಾಕೆ ಹಾಗೆ ಸುಳ್ಳು ಹೇಳಿದ್ದು ನೀನು?"

"ನಿಂದು ಸೇಫ್ಟಿ ಕೆಲಸ. ಹೆಸರು ಬಂದ್ರೆ ನಿನ್ನದೂ ಹೋಗ್ತದೆ. ಇಬ್ರೂ ಊರಿಗೆ ಹೋಗಿ ಎಂತ ಮಾಡುದು? ಒಬ್ಬನಾದ್ರೂ ಇರು."

ನಾನು ಅತ್ತೆ. ಅತ್ತದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ನಿಜ ಹೇಳಬೇಕಾಗಿದ್ದ ಡಾಕ್ಟರ ರೂಮು ಅದೇ ಕಾರಿಡಾರಿನಲ್ಲಿ, ನಾಲ್ಕು ಬಾಗಿಲು ಆಚೆ ಇತ್ತು.

ಊರು ಮುಟ್ಟಿದ ಮೇಲೆ ಅವನ ಹೆಂಡತಿ ಫೋನ್ ಮಾಡಿದಳು. "ಅಣ್ಣ, ಅವರು ಎಲ್ಲ ಹೇಳಿದ್ರು. ಬೇಡ ಬೇಡ ಅಂತ ನೀವು ಅಷ್ಟು ಹೇಳಿದ್ರೂ ಕೇಳದೆ ತಾವೇ ಬಿಸಿನೀರು ಸುರಿದುಕೊಂಡ್ರಂತೆ. ನೀವು ಹತ್ತಿರ ಇದ್ದದ್ದಕ್ಕೆ ಜೀವ ಉಳಿದದ್ದು. ಪ್ರತಿ ನಮಾಜಿನಲ್ಲಿ ನಿಮಗೆ ದುವಾ ಮಾಡ್ತೇನೆ ನಾನು. ಈಗ ಕಾಲು ತೊಳಿಯುವ ನೀರಿಗೆ ಮೊದಲು ನಾನೇ ಕೈ ಹಾಕಿ ನೋಡುದು. ಹಾಗೆ ಮಾಡಿದ್ರೆ ಸರಿ ಅಲ್ವಾ ಅಣ್ಣ?"

"ಹೌದಮ್ಮ," ಎಂದೆ. "ಹಾಗೆಯೇ ಮಾಡಬೇಕು."