ಅಜ್ಜನ ಹಲಗೆಗೆ ಹೊಸ ತೊಗಲು

ಹೊಸಪೇಟೆಯ ಮಟನ್ ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಡ್ಯೂಟಿ ಮುಗಿಸಿ ನೇರ ಅಲ್ಲಿಗೇ ಹೋಗಿದ್ದೆ, ಆಸ್ಪತ್ರೆಯ ಕೋಟು ಇನ್ನೂ ತೋಳಿನ ಮೇಲಿತ್ತು.

"ಏನ್ರಿ ಸಿಸ್ಟರ್, ಮಟನ್ ಬ್ಯಾಡಾ? ಬರೀ ತೊಗಲಾ?"

"ಬರೀ ತೊಗಲು. ಚಾಕು ತಾಗಿರಬಾರದು ನೋಡ್ರಿ."

"ತಗೊಂಡು ಏನ್ ಮಾಡ್ತೀರಿ?"

"ಹಲಗಿ ಕಟ್ತೀನಿ."

ಅವರು ನಕ್ಕರು. ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬರುವುದಕ್ಕೆ ದೊಡ್ಡ ಕಾರಣವೇನೂ ಬೇಕಿಲ್ಲ, ನಮ್ಮ ವಾರ್ಡಿನಲ್ಲಿ ಮಲಗಿ ಹೋದವರನ್ನು ಯಾರನ್ನು ಕೇಳಿದರೂ ಹೇಳುತ್ತಾರೆ. ಹಸಿ ತೊಗಲನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿಸಿಕೊಂಡು ಅತ್ತೆಯ ಊರಿನ ಬಸ್ಸು ಹತ್ತಿದೆ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಮೂಗು ಮುಚ್ಚಿಕೊಂಡು ಬೇರೆ ಸೀಟು ಹುಡುಕಿಕೊಂಡಳು. ನನಗೆ ಕಾಲು ಚಾಚಲು ಜಾಗ ಸಿಕ್ಕಿತು.

ಇಷ್ಟೆಲ್ಲ ಶುರುವಾದದ್ದು ನನ್ನ ತಮ್ಮನ ಮದುವೆಯಿಂದ. ತಮ್ಮ ಸಂಡೂರಿನ ಗಣಿಯಲ್ಲಿ ಕೆಲಸ ಮಾಡುತ್ತಾನೆ, ಹೆಣ್ಣು ಕಂಪ್ಲಿಯವಳು. ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ದಿನ ಓಣಿಯ ತುದಿಯಿಂದ ನಮ್ಮ ಹೊಸ್ತಿಲವರೆಗೆ ಹಲಗೆ ಬಡಿದು ಕರೆತರಬೇಕು ಅಂತ ನನಗೆ ಆಸೆ ಹುಟ್ಟಿತು. ಬಡಿಯುವುದು ನನಗೆ ಬರುತ್ತಿತ್ತು. ನಾವು ಕೆಲವು ಹೆಂಗಸರು, ನರ್ಸುಗಳು, ಟೀಚರುಗಳು ಸೇರಿ ಒಂದು ತಂಡ ಮಾಡಿಕೊಂಡು ಭಾನುವಾರ ಕಲಿಯುತ್ತಿದ್ದೆವು. ಆದರೆ ನಮ್ಮವೆಲ್ಲ ಅಂಗಡಿಯ ಪ್ಲಾಸ್ಟಿಕ್ ಹಲಗೆಗಳು. ಬಡಿದರೆ ಬಕೆಟ್ ಬಡಿದ ಹಾಗೆ. ನನಗೆ ತೊಗಲಿನ ದನಿ ಬೇಕಿತ್ತು.

ಅದನ್ನು ಅಪ್ಪನಿಗೆ ಹೇಳಿದಾಗ ಅವನು ಓದುತ್ತಿದ್ದ ಪೇಪರನ್ನು ಮಡಚಿ ಪಕ್ಕಕ್ಕಿಟ್ಟ. ಅಪ್ಪ ಪೇಪರು ಮಡಚಿದ ಅಂದರೆ ಮಾತು ದೊಡ್ಡದು ಅಂತ ಅರ್ಥ.

"ಪ್ಲಾಸ್ಟಿಕ್ ಬಡಕೋ, ಬ್ಯಾಡ ಅನ್ನಂಗಿಲ್ಲ. ಅದು ಆಟ. ತೊಗಲು ಈ ಮನಿಯೊಳಗ ಬರಂಗಿಲ್ಲ."

ಅಪ್ಪ ಹರೆಯದಲ್ಲಿ ವಡ್ಡು ಗ್ರಾಮದ ಕಡೆಯ ನಮ್ಮ ಊರಿನಲ್ಲಿ ಹಲಗೆ ಬಡಿಯುತ್ತಿದ್ದವನು. ಅವನ ಅಪ್ಪನೂ ಅದನ್ನೇ ಮಾಡಿದವನು. ಊರವರ ಮದುವೆ, ಮೆರವಣಿಗೆ, ಹೆಣ, ಏನಿದ್ದರೂ ಮುಂದೆ ನಮ್ಮವರು, ಬರಿಗಾಲಲ್ಲಿ. ಊಟ ಮಾತ್ರ ಎಲ್ಲರದೂ ಮುಗಿದ ಮೇಲೆ, ಹೊರಗೆ. ಸ್ಟೀಲ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕ ದಿನ ಅಪ್ಪ ಕೋಲು ಬಿಸಾಡಿ ಹೊಸಪೇಟೆಗೆ ಬಂದ. ಗೋಡೆಗೆ ಬುದ್ಧನ ಪಟ ಬಂತು, ನಮ್ಮ ಕೈಗೆ ಪುಸ್ತಕ ಬಂತು. ಹಲಗೆಯ ಮಾತು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅವನ ನೋವು ನನಗೆ ತಿಳಿಯದ್ದಲ್ಲ. ಆದರೂ ಆ ನಾದ ಏನು ತಪ್ಪು ಮಾಡಿತ್ತು ಅಂತ ನನ್ನ ವಾದ. ಮಾತಿಗೆ ಮಾತು ಬೆಳೆದು ಕೊನೆಗೆ ಅಪ್ಪನೇ ಒಂದು ಷರತ್ತು ಹಾಕಿದ.

"ನಿಮ್ಮಜ್ಜನ ಹಲಗಿದು ಕಟ್ಟಿಗಿ ಬಳಿ ನಮ್ಮಕ್ಕನ ಮನ್ಯಾಗ ಐತಿ. ಅದಕ್ಕ ನಿನ್ನ ಕೈಯಾರೆ ತೊಗಲು ಹದಾ ಮಾಡಿ ಬಿಗಿ. ಸೊಸಿ ಹೊಸ್ತಿಲ ದಾಟೋತನಕ ತಡೀತಂದ್ರ ಗ್ವಾಡಿಗೆ ತೂಗಹಾಕು. ಅವತ್ತು ಹರೀತಂದ್ರ ಆ ಬಳಿ ನೀರೊಲಿಗೆ. ಆಮ್ಯಾಲೆ ಹಲಗಿ ಸುದ್ದಿ ಎತ್ತಬಾರದು."

ನನಗೆ ಬರುವುದಿಲ್ಲ ಅಂತ ಅವನಿಗೆ ಖಾತ್ರಿಯಿತ್ತು. ನಿಜಕ್ಕೂ ಬರುತ್ತಿರಲಿಲ್ಲ ಅನ್ನಿ.

ಪಾಪಿನಾಯಕನಹಳ್ಳಿಯ ಅತ್ತೆ, ಅಂದರೆ ಅಪ್ಪನ ಅಕ್ಕ, ಆ ಬಳೆಯನ್ನು ಜೋಳದ ಚೀಲದ ಬಾಯಿ ಅಗಲಿಸಿ ಹಿಡಿಯುವುದಕ್ಕೆ ಬಳಸುತ್ತಿದ್ದಳು. ತೊಗಲು ಬಿಗಿಯುವ ಮರದ ಚಕ್ರ ಅದು, ಅಜ್ಜನ ಎದೆಗೆ ಒರಗಿ ಒರಗಿ ಒಂದು ಕಡೆ ನುಣ್ಣಗಾಗಿತ್ತು. ಅದನ್ನು ಕೈಗೆ ತೆಗೆದುಕೊಂಡಾಗ ನನಗೆ ಒಂದು ಕ್ಷಣ ಹೆದರಿಕೆಯಾಯಿತು, ಇದನ್ನು ಒಲೆಗೆ ಕಳಿಸುವವಳು ನಾನೇ ಆಗಿಬಿಟ್ಟರೆ ಅಂತ.

"ತೊಗಲು ಹೆರಿಯೋದು ನಾವು ಹೆಣ್ಮಕ್ಕಳ ಕೆಲಸನ ಆಗಿತ್ತು," ಅಂದಳು ಅತ್ತೆ. "ಆದ್ರ ಭಾಳ ವರ್ಷ ಆತವ್ವ, ಅರ್ಧಾ ಮರತೀನಿ."

"ಉಳಿದರ್ಧ ಹೇಳ್ರಿ ಸಾಕು."

ದಿನಾ ಜನರ ತೊಗಲಿಗೆ ಸೂಜಿ ಚುಚ್ಚುವವಳು ನಾನು, ಆಡಿನ ತೊಗಲು ಯಾವ ಲೆಕ್ಕ ಅಂದುಕೊಂಡಿದ್ದೆ. ಸುಣ್ಣದ ನೀರಿನಲ್ಲಿ ನೆನೆಸಿದ ತೊಗಲನ್ನು ಹೊರಗೆ ತೆಗೆದಾಗ ಬಂದ ವಾಸನೆಗೆ ಆಸ್ಪತ್ರೆಯ ಅಷ್ಟೂ ವರ್ಷಗಳ ಅನುಭವ ಕೈಕೊಟ್ಟಿತು. ಬೇವಿನ ಮರದ ಹಿಂದೆ ಹೋಗಿ ವಾಂತಿ ಮಾಡಿಕೊಂಡು ಬಂದೆ. ಅತ್ತೆ ಎಲೆ ಅಡಿಕೆ ಹಾಕಿಕೊಂಡು ಕೂತು ನಗುತ್ತಿದ್ದಳು. ಕೂದಲು ಕೈಗೇ ಬಂತು, ಅದು ಸುಲಭ. ಒಳಮೈಯ ಮಾಂಸ ಹೆರೆಯುವುದಕ್ಕೆ ಅತ್ತೆ ಒಂದು ಮೊಂಡು ಕುಡುಗೋಲು ಕೊಟ್ಟಳು. ಮೊಂಡು ಆಯುಧ ಯಾರು ಹಿಡಿಯುತ್ತಾರೆ ಅಂತ ನಾನು ಹೊಸ ಬ್ಲೇಡು ತೆಗೆದೆ. ಅಂಗೈ ಅಗಲ ಹೆರೆಯುವಷ್ಟರಲ್ಲಿ ಒಂದು ಗೀರು ಬಿತ್ತು. ಕೂದಲೆಳೆಯಷ್ಟು ಸಣ್ಣದು, ಏನಾಗುತ್ತದೆ ಅಂತ ಬಿಟ್ಟೆ. ಬಳೆಗೆ ಬಿಗಿದು ಹೊಸಪೇಟೆಯ ನಮ್ಮ ಮಾಳಿಗೆಯ ಮೇಲೆ ಬಿಸಿಲಿಗಿಟ್ಟೆ. ನಮ್ಮ ಬಿಸಿಲಿಗೆ ಹಪ್ಪಳವೇ ಮಧ್ಯಾಹ್ನದೊಳಗೆ ಒಣಗುತ್ತದೆ. ತೊಗಲು ಬಿಗಿಯುತ್ತ ಬಿಗಿಯುತ್ತ ಆ ಗೀರು ಬಾಯಿ ಬಿಟ್ಟು, ಫಟ್ ಅಂತ ಈ ಅಂಚಿನಿಂದ ಆ ಅಂಚಿಗೆ ಸೀಳಿತು. ಕೆಳಗೆ ಕೂತಿದ್ದ ಅಪ್ಪನಿಗೂ ಆ ಸದ್ದು ಕೇಳಿಸಿತು. ಅವನು ಎದ್ದು ಹೋಗಿ ನೀರೊಲೆಗೆ ಎರಡು ಕಟ್ಟಿಗೆ ಇಟ್ಟು ಬಂದ. ಬೇಕಂತಲೇ ಮಾಡಿದ್ದು.

ಎರಡನೆಯ ತೊಗಲನ್ನು ಮೊಂಡು ಕುಡುಗೋಲಿನಲ್ಲೇ ಹೆರೆದೆ. ಅತ್ತೆಯೂ ಜೊತೆಗೆ ಕೂತಳು. ಹೆರೆಯುತ್ತ ಹೆರೆಯುತ್ತ ಅವಳ ಕೈಗೆ ಹಳೆಯದೆಲ್ಲ ನೆನಪಾಗತೊಡಗಿತು, ಬಾಯಿಗೂ.

"ನಿಮ್ಮಪ್ಪ ಸಣ್ಣಾಂವ ಇದ್ದಾಗ ಒಂದ್ ಮದಿವ್ಯಾಗ ಬಡೀತಾ ಬಡೀತಾ ತಾನೂ ಕುಣದ್ನವ್ವ. ಕಾಲು ಕೇಳಬೇಕಲ್ಲ? ಊರ ಹಿರೇರೊಬ್ರು ಬಂದು, ‘ಲೇ, ನೀ ಬಡಿಯಾಕ ಬಂದೀಯೋ ಕುಣಿಯಾಕ ಬಂದೀಯೋ’ ಅಂತ ಎಲ್ಲಾರ ಮುಂದ ಗದ್ರಿಸಿದ್ರು. ಅವತ್ತು ಮನಿಗೆ ಬಂದು ಉಣ್ಣಲಿಲ್ಲ ನಿಮ್ಮಪ್ಪ."

ಅಪ್ಪ ಈ ಮಾತನ್ನು ನನಗೆ ಎಂದೂ ಹೇಳಿರಲಿಲ್ಲ. ಯಾರೋ ಕಾಣದ ಹಿರಿಯರ ಮೇಲಿನ ಸಿಟ್ಟನ್ನೆಲ್ಲ ನಾನು ಆ ತೊಗಲಿನ ಮೇಲೆ ತೀರಿಸಿಕೊಂಡೆ. ಅದು ಕನ್ನಡಿಯ ಹಾಗೆ ಹಸನಾಯಿತು. ಹುಣಸೆ ಬೀಜದ ಅಂಟು ಕುದಿಸಿ ಬಳೆಗೆ ಬಳಿದು, ಒದ್ದೆ ತೊಗಲು ಹೊದಿಸಿ, ಹಿಂದಿನಿಂದ ಎಳೆದು ಕಟ್ಟಿದೆವು. ಈ ಸಲ ಬಿಸಿಲು ಬೇಡ ಅಂತ ಅತ್ತೆಯ ಹಿತ್ತಲ ಕೋಣೆಯ ನೆರಳಿನಲ್ಲಿಟ್ಟೆ. ಬೆಳಗ್ಗೆ ನೋಡಿದರೆ ಒಂದು ಮಗ್ಗುಲಿನ ಅಂಚು ಪೂರ್ತಿ ಮಾಯ. ಪಕ್ಕದಲ್ಲೇ ಕಡಲೆಯ ಗಾತ್ರದ ಹಿಕ್ಕೆ.

"ಹೆಗ್ಗಣ!" ಅಂದಳು ಅತ್ತೆ. "ಅಂಟಿನ ರುಚಿ ಹತ್ತೈತಿ ಅದಕ್ಕ. ಬಿಟ್ಬಿಡವ್ವ, ಮದಿವಿ ಹತ್ರ ಬಂತು."

ನಾನು ಬಿಡುವವಳಲ್ಲ. ಅಪ್ಪನಿಗೆ ಸೋತರೂ ಒಂದು ಲೆಕ್ಕ, ಹೆಗ್ಗಣಕ್ಕೆ ಸೋಲುವುದೇ? ಕಿರಾಣಿ ಅಂಗಡಿಯವರಿಂದ ಕಬ್ಬಿಣದ ಬೋನು ತಂದೆ. ಕೊಬ್ಬರಿ ಇಟ್ಟರೆ ಇರುವೆ ಮುತ್ತಿದವು. ಮಿರ್ಚಿ ಬಜಿ ಇಡು, ಅದಕ್ಕೆ ಯಾವ ಪ್ರಾಣಿಯೂ ಬ್ಯಾಡ ಅನ್ನಂಗಿಲ್ಲ ಅಂತ ಅತ್ತೆ ಹೇಳಿದಳು. ಇಟ್ಟೆ. ಹೆಗ್ಗಣ ಒಳಗೆ ಹೋಗಿ, ಬಜಿಯನ್ನು ಕೊಕ್ಕೆಯಿಂದ ಮೆಲ್ಲಗೆ ಬಿಡಿಸಿಕೊಂಡು, ತೊಟ್ಟು ಮಾತ್ರ ಬಿಟ್ಟು ಹೊರಗೆ ಬಂದು ಹೋಗಿತ್ತು. ಬೋನಿನ ಬಾಗಿಲು ತೆರೆದೇ ಇತ್ತು. ಅತ್ತೆ ಬಿದ್ದು ಬಿದ್ದು ನಕ್ಕಳು. ನಾನು ಖಾಲಿ ಬೋನಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅದನ್ನು ಬಾಯಿಗೆ ಬಂದ ಹಾಗೆ ಬೈದೆ.

ಬೈದು ಮುಗಿದ ಮೇಲೆ ತಲೆ ಓಡಿತು. ಅದು ಬಂದದ್ದು ಬಜಿಗಲ್ಲ, ನನ್ನ ತೊಗಲಿಗೆ. ಹಾಳಾದ ತೊಗಲಿನ ಒಂದು ಚೂರು ಕತ್ತರಿಸಿ, ಹುಣಸೆ ಬೀಜದ ಅಂಟಿನಲ್ಲಿ ಅದ್ದಿ, ಕೊಕ್ಕೆಗೆ ಸುಮ್ಮನೆ ಸಿಕ್ಕಿಸದೆ ದಾರದಲ್ಲಿ ಕಟ್ಟಿದೆ. ಗಾಯಕ್ಕೆ ಹೊಲಿಗೆ ಹಾಕುವಾಗ ಹಾಕುವ ಗಂಟು ಅದು, ಎಳೆದಷ್ಟೂ ಬಿಗಿಯುತ್ತದೆ. ಬಿಡಿಸಿಕೊಳ್ಳಲಿ ನೋಡೋಣ.

ಬೆಳಗಾಗುವ ಹೊತ್ತಿಗೆ ಹಿತ್ತಲಲ್ಲಿ ಬೋನು ಕುಣಿಯುತ್ತಿತ್ತು. ಒಳಗೆ ಬೆಕ್ಕಿನಷ್ಟು ದಪ್ಪ ಹೆಗ್ಗಣ, ಮೈ ಉಬ್ಬಿಸಿಕೊಂಡು ಬುಸುಗುಡುತ್ತಿತ್ತು. "ಅತ್ತೀ! ಬಿತ್ತು! ಬಿತ್ತು!" ಅಂತ ನಾನು ಕೂಗಿದ್ದಕ್ಕೆ ಅಕ್ಕಪಕ್ಕದವರೆಲ್ಲ ಎದ್ದು ಬಂದರು. ಪರೀಕ್ಷೆಯಲ್ಲಿ ಪಾಸಾದಾಗಲೂ ನಾನು ಹಾಗೆ ಕುಣಿದಿರಲಿಲ್ಲ. ಕೊಲ್ಲು ಅಂದರು. ನನಗೆ ಮನಸ್ಸಾಗಲಿಲ್ಲ. ಎಷ್ಟಾದರೂ ನನ್ನ ಅಂಟಿನ ರುಚಿಯನ್ನು ಮೆಚ್ಚಿದ ಜೀವ ಅದೊಂದೇ. ಚೀಲ ಹೊದಿಸಿ ಆಟೋ ಹತ್ತಿದೆ.

"ಏನ್ರಿ ಅಕ್ಕಾರ ಅದು, ಬೆಕ್ಕಾ?" ಅಂದ ಆಟೋದವನು.

"ಹೆಗ್ಗಣ."

"ಇಳೀರಿ."

ನಡೆದುಕೊಂಡೇ ಹೋಗಿ, ಹೊಲಗಳಿಲ್ಲದ ಕಡೆ, ಬಂಡೆಗಳ ನಡುವೆ ಬಾಗಿಲು ತೆರೆದೆ. ಅದು ಹಿಂತಿರುಗಿ ನೋಡದೆ ಓಡಿತು.

ಮಟನ್ ಅಂಗಡಿಯವರು ಈ ಸಲ ನಗಲಿಲ್ಲ. ಗೀರಿಲ್ಲದ ತೊಗಲನ್ನು ನನಗಾಗಿಯೇ ತೆಗೆದಿಟ್ಟಿದ್ದರು. "ಹೆಗ್ಗಣದ ಸುದ್ದಿ ಗೊತ್ತಾತ್ರಿ ಸಿಸ್ಟರ್," ಅಂದರು. ಪಾಪಿನಾಯಕನಹಳ್ಳಿಯಿಂದ ಹೊಸಪೇಟೆ ಮಾರ್ಕೆಟಿಗೆ ನನಗಿಂತ ಮೊದಲೇ ಸುದ್ದಿ ಬಂದಿತ್ತು. ಆ ತೊಗಲು ನೆನೆಯಿತು, ಹೆರೆಸಿಕೊಂಡಿತು, ನೆರಳಿನಲ್ಲಿ ನಿಧಾನ ಒಣಗಿತು. ಅತ್ತೆ ಅಂಗಳದಲ್ಲಿ ಹುಲ್ಲು ಉರಿಸಿದಳು, ನಾನು ತೊಗಲು ಬಿಗಿಯಾಗಲಿ ಅಂತ ಹಲಗೆ ಕಾಯಿಸಿ ಕೋಲಿನಿಂದ ಒಂದೇ ಒಂದು ಪೆಟ್ಟು ಹಾಕಿದೆ. ಆ ದನಿ ಕಿವಿಗಿಂತ ಮೊದಲು ಎದೆಗೆ ತಾಗಿತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಒರೆಸಿಕೊಳ್ಳಲೂ ಇಲ್ಲ, ಅತ್ತುಬಿಟ್ಟೆ.

ಮದುವೆಯ ಮರುದಿನ ಕಂಪ್ಲಿಯಿಂದ ಗಾಡಿ ಬಂದು ನಮ್ಮ ಓಣಿಯ ತುದಿಯಲ್ಲಿ ನಿಂತಿತು. ತಮ್ಮ, ಅವನ ಹೆಂಡತಿ ಇಳಿದರು. ನಾನು ಹುಲ್ಲಿನ ಬೆಂಕಿಗೆ ಹಲಗೆ ಹಿಡಿದಿದ್ದೆ, ನಮ್ಮ ತಂಡದವರು ಹಿಂದೆ ಸಾಲಾಗಿ ನಿಂತಿದ್ದರು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೊಸ ಚಪ್ಪಲಿ ಮೆಟ್ಟಿ, ಕೈಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ.

"ಸಾಕು, ತಗಿ. ಸುಡತೈತಿ," ಅಂದ ಅಲ್ಲಿಂದಲೇ.

ತೊಗಲಿನ ಬಗ್ಗೆ ಅಪ್ಪ ನನ್ನೊಡನೆ ಆಡಿದ ಮೊದಲ ಒಳ್ಳೆಯ ಮಾತು ಅದು. ತೆಗೆದೆ, ಬಡಿದೆ. ಓಣಿಯ ಗೋಡೆಗಳು ತಿರುಗಿ ಬಡಿದವು. ಪ್ರತಿ ಪೆಟ್ಟಿಗೂ ಒಳಗೊಳಗೇ ಹರಿಯಬೇಡ, ಹರಿಯಬೇಡ ಅನ್ನುತ್ತಿದ್ದೆ. ಅರ್ಧ ದಾರಿ ಬರುವಷ್ಟರಲ್ಲಿ ಅದು ಹರಿಯುವುದಿಲ್ಲ ಅಂತ ನನ್ನ ಕೈಗೆ ಗೊತ್ತಾಗಿಹೋಯಿತು. ಆಮೇಲೆ ಹೆದರಿಕೆ ಬಿಟ್ಟು ಬಡಿದೆ. ಮಾಳಿಗೆಗಳ ಮೇಲೆ ಜನ ಬಂದರು. ಸೊಸೆ ನಗುತ್ತ ಸೇರು ಒದ್ದು ಹೊಸ್ತಿಲು ದಾಟಿದಳು.

ಷರತ್ತು ಅಲ್ಲಿಯವರೆಗೆ ಮಾತ್ರ. ನಾನು ಕೋಲು ಇಳಿಸಿದೆ, ಬೆವರಿನಲ್ಲಿ ಕಣ್ಣು ಉರಿಯುತ್ತಿತ್ತು. ಗೆದ್ದೆ ಅಂತ ಹೇಳುವುದಕ್ಕೆ ಅಪ್ಪನ ಕಡೆ ತಿರುಗಿದೆ. ಅವನು ಮೆಟ್ಟಿಲಿಳಿದು ಬಂದು ಬೆರಳಿನಿಂದ ತೊಗಲನ್ನು ಒಮ್ಮೆ ಸವರಿದ. ನಾನು ಕೋಲುಗಳನ್ನು ಅವನ ಮುಂದೆ ಚಾಚಿದೆ. ಎಲ್ಲರೂ ಅದನ್ನೇ ಕಾಯುತ್ತಿದ್ದರು, ತಮ್ಮನಂತೂ ಮೊಬೈಲ್ ಎತ್ತಿ ಹಿಡಿದಿದ್ದ.

ಅಪ್ಪ ಬೇಡ ಅಂತ ತಲೆಯಾಡಿಸಿದ. "ನಂದು ಬಡಿಯೋದು ಮುಗದೈತಿ. ಕುಣಿಯೋದು ಬಾಕಿ ಐತಿ."

ಚಪ್ಪಲಿಕಾಲಲ್ಲೇ ಓಣಿಯ ನಡುವೆ ಹೋಗಿ ನಿಂತು, ಎರಡೂ ಕೈ ಮೇಲೆತ್ತಿದ.

"ಯಾಕ ನಿಂತೀದಿ?" ಅಂದ. "ಬಡಿ."