ಮೇಜಿನ ಮೇಲಿಟ್ಟ ಉರುಲು

ಕೊರೊನಾ ಕಳೆದು ಶಾಲೆಗಳು ಮತ್ತೆ ಪೂರ್ತಿಯಾಗಿ ತೆರೆದ ವರ್ಷ, ಬೈರಕೂರು ಕಡೆಯ ನಮ್ಮ ಬೆಟ್ಟದ ತಪ್ಪಲಲ್ಲಿ ಅರಣ್ಯ ಇಲಾಖೆಯವರು ಒಂದು ಪ್ರಕೃತಿ ಶಿಕ್ಷಣ ಕೇಂದ್ರ ಶುರುಮಾಡಿದರು. ನಾನು ಅಲ್ಲಿ ಸಹಾಯಕಿಯಾಗಿ ಸೇರಿದೆ. ಮೊಮ್ಮಕ್ಕಳೇ, ನಿಮ್ಮ ತಾತ ತೀರಿಕೊಂಡು ಆಗ ಎರಡು ವರ್ಷ. ನಾನು ಓದಿದ್ದು ಊರಿನ ಶಾಲೆಯಲ್ಲಿ ಏಳನೇ ತರಗತಿವರೆಗೆ. ನಾಲ್ಕು ಜನರ ಮುಂದೆ ಬಾಯಿ ಬಿಟ್ಟವಳಲ್ಲ. ಅಕ್ಷರ ಮಾತ್ರ ದುಂಡಗಿತ್ತು. ಅದನ್ನು ನೋಡಿಯೇ ಕೆಲಸ ಕೊಟ್ಟರು.

ನೀವು ಬಂದಾಗಲೆಲ್ಲ ಆ ಕೆಲಸದ ಬಗ್ಗೆ ಕೇಳುತ್ತೀರಿ. ನಾನು ನವಿಲಿನ ಕಥೆ, ಕರಡಿಯ ಕಥೆ ಹೇಳಿ ಮುಗಿಸುತ್ತೇನೆ. ಒಂದು ಕಥೆ ಹೇಳಿಲ್ಲ. ಬಾಯಲ್ಲಿ ಹೇಳಲು ಆಗದ್ದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಬೆಟ್ಟ ಕಾಯ್ದಿಟ್ಟ ಕಾಡು. ಎಂದರೆ ಅಲ್ಲಿ ಅಪ್ಪಣೆಯಿಲ್ಲದೆ ಮರ ಕಡಿಯಬಾರದು, ದನ ಮೇಯಿಸಬಾರದು, ಬೇಟೆಯಂತೂ ಆಡಲೇಬಾರದು. ಬಂಡೆಗಳು, ಸೀತಾಫಲದ ಪೊದೆಗಳು, ನಡುವೆ ಕರಡಿ, ಮೊಲ, ಕಾಡುಹಂದಿ, ಅಪರೂಪಕ್ಕೆ ಚಿರತೆ. ಪ್ರತಿ ಶನಿವಾರ ಸುತ್ತಲಿನ ಮೂರು ಶಾಲೆಗಳ ಮಕ್ಕಳನ್ನು ಅಲ್ಲಿ ನಡೆಸಿಕೊಂಡು ಹೋಗಿ ಮರ, ಹಕ್ಕಿ, ಹೆಜ್ಜೆಗುರುತು ತೋರಿಸುವುದೇ ನಮ್ಮ ಕಾರ್ಯಕ್ರಮ. ಇಲಾಖೆ ಒಂದು ಕೊಠಡಿ ಕೊಟ್ಟಿತ್ತು, ಬಾಬಾಜಾನ್ ಎಂಬ ಅರಣ್ಯ ರಕ್ಷಕನನ್ನು ಕೊಟ್ಟಿತ್ತು. ಮಕ್ಕಳ ಊಟಕ್ಕೆ ಏನೂ ಇರಲಿಲ್ಲ.

ಮೊದಲು ಊರಿನವರು ನಕ್ಕರು. "ಮೇಕೆ ಬಿಟ್ರೆ ಓಡಿಸ್ತಾರೆ, ಮಕ್ಳಿಗೆ ಮಾತ್ರ ಕರೆದು ಬೆಟ್ಟ ತೋರಿಸ್ತಾರಂತೆ!" ಎಂದರು. ಅವರನ್ನು ಒಪ್ಪಿಸಿದವರು ಗಂಗುಲಪ್ಪ. ನಾನು ಅವರನ್ನು ಗಂಗುಲಣ್ಣ ಎನ್ನುತ್ತಿದ್ದೆ. ಬೆಟ್ಟಕ್ಕೆ ತಾಗಿದ ಎರಡು ಎಕರೆಯಲ್ಲಿ ರಾಗಿ, ಕಡಲೇಕಾಯಿ ಬೆಳೆಯುವವರು, ವಯಸ್ಸು ಎಪ್ಪತ್ತರ ಹತ್ತಿರ. ಅರಳಿಕಟ್ಟೆಯಲ್ಲಿ ಎದ್ದು ನಿಂತು, "ಕಲಿಯೋರು ನಮ್ಮ ಮಕ್ಳು. ಉಣ್ಣಾಕೆ ಸರ್ಕಾರ ಇಕ್ಬೇಕಾ? ವಾರಕ್ಕೆ ಎರಡು ಮನೆ ಸರದಿ ಹಾಕ್ಕಳ್ರಿ. ಮೊದಲ್ನೇದು ನಮ್ದು" ಎಂದರು. ಆಮೇಲೆ ಒಂದು ಶನಿವಾರವೂ ಮುದ್ದೆ, ಸಾರು ತಪ್ಪಲಿಲ್ಲ.

ಊಟ ಹೊತ್ತು ತಂದಾಗ ಗಂಗುಲಣ್ಣ ಪಾಠಕ್ಕೂ ನಿಲ್ಲುತ್ತಿದ್ದರು. ಕರಡಿಯ ಲದ್ದಿಯನ್ನು ಕಡ್ಡಿಯಿಂದ ಬಿಡಿಸಿ, ಒಳಗಿನ ಬೀಜ ತೋರಿಸಿ, "ನೋಡ್ರಲಾ, ಇವ್ನು ನಮಗಿಂತ ಮುಂಚೆ ಹಣ್ಣು ತಿಂದವ್ನೆ" ಎನ್ನುತ್ತಿದ್ದರು. ಮೊಲ ಯಾವ ಪೊದೆಯ ಸಂದಿಯಲ್ಲಿ ನುಗ್ಗುತ್ತದೆ, ಹಂದಿ ಎಲ್ಲಿ ಮೈ ಉಜ್ಜುತ್ತದೆ, ಎಲ್ಲ ಬಾಯಿಪಾಠ. ಬಾಬಾಜಾನ್ ಕೂಡ ಬೆರಗಾಗುತ್ತಿದ್ದ. ಇಷ್ಟೆಲ್ಲ ಅವರಿಗೆ ಹೇಗೆ ಗೊತ್ತು ಎಂದು ಅವನು ಕೇಳಲಿಲ್ಲ. ನಾನು ಕೇಳುವ ಅಗತ್ಯವೇ ಇರಲಿಲ್ಲ. ಗಂಗುಲಣ್ಣ ಉರುಲು ಹಾಕುವ ಕೈಯವರು ಎಂದು ಊರಿಗೆಲ್ಲ ಗೊತ್ತು. ಅವರ ಉರುಲಿಗೆ ಬಿದ್ದ ಮೊಲ ನಮ್ಮ ಒಲೆಯ ಮೇಲೂ ಎಷ್ಟೋ ಸಲ ಬೆಂದಿದೆ.

ಕೇಂದ್ರದಲ್ಲಿ ನನ್ನದೇ ಎನ್ನುವುದು ಒಂದೇ ಇತ್ತು, ಒಂದು ಮೇಜು. ಮಕ್ಕಳು ದಾರಿಯಲ್ಲಿ ಸಿಕ್ಕಿದ್ದನ್ನು ತರಬೇಕು: ಗರಿ, ಹಾವಿನ ಪೊರೆ, ಮುಳ್ಳುಹಂದಿಯ ಮುಳ್ಳು. ನಾನು ಅದರ ಪಕ್ಕದಲ್ಲಿ ಒಂದು ಚೀಟಿ ಬರೆದಿಡುತ್ತಿದ್ದೆ. ಏನು, ಎಲ್ಲಿ ಸಿಕ್ಕಿತು, ಯಾರು ತಂದರು. ಬಂದ ಮೇಷ್ಟ್ರುಗಳೆಲ್ಲ ಬಗ್ಗಿ ಓದುತ್ತಿದ್ದರು. ನನ್ನ ಬರಹವನ್ನು ಜನ ಬಗ್ಗಿ ಓದಿದ್ದು ಜೀವಮಾನದಲ್ಲಿ ಅದೇ ಮೊದಲು. ನನಗೆ ಅದು ಬಹಳ ರುಚಿಸಿತು.

ಗಂಗುಲಣ್ಣನ ಮೊಮ್ಮಗಳು ಚೈತ್ರ ಆರನೇ ತರಗತಿ. ಮಾತು ಕಡಿಮೆ, ಕಣ್ಣು ಚುರುಕು. ಒಂದು ಶನಿವಾರ ಬಾಬಾಜಾನ್ ಒಂದು ಫೋಟೋ ತೋರಿಸಿದ. ಹಂದಿಗೆಂದು ಹಾಕಿದ ತಂತಿಗೆ ಸೊಂಟ ಸಿಕ್ಕಿಸಿಕೊಂಡು ಸತ್ತ ಚಿರತೆ. ಆ ದಿನ ಚೈತ್ರ ಊಟ ಮುಟ್ಟಲಿಲ್ಲ. ಮುಂದಿನ ವಾರ ಎಲ್ಲರಿಗಿಂತ ಮುಂಚೆ ಬಂದು ಲಂಗದ ಮಡಿಕೆಯಿಂದ ಒಂದು ತಂತಿ ತೆಗೆದು ನನ್ನ ಕೈಯಲ್ಲಿಟ್ಟಳು. ಬೈಕಿನ ಕ್ಲಚ್ ತಂತಿಯನ್ನು ಕುಣಿಕೆ ಮಾಡಿದ ಉರುಲು.

"ತಾತಂದು, ಅಜ್ಜಿ. ಕರಡಿ ಗವಿ ದಾರೀಲಿತ್ತು, ಕಿತ್ಕೊಂಡ್ ಬಂದೆ. ಎಲ್ಲಾದ್ರೂ ಬಿಸಾಕ್ಬಿಡಿ. ಯಾರ್ಗೂ ಹೇಳ್ಬೇಡಿ" ಎಂದಳು.

"ಇಲ್ಲ ಕಣೇ, ಯಾರ್ಗೂ ಹೇಳಲ್ಲ" ಎಂದೆ.

ಬಾವಿಗೆ ಎಸೆದಿದ್ದರೆ ಮುಗಿಯುತ್ತಿತ್ತು. ಎಸೆಯಲಿಲ್ಲ. ಎರಡು ವಾರ ನನ್ನ ಚೀಲದಲ್ಲೇ ಇಟ್ಟುಕೊಂಡೆ. ವರ್ಷದ ಕೊನೆಯ ಕಾರ್ಯಕ್ರಮಕ್ಕೆ ಮುಳಬಾಗಿಲಿನಿಂದ ರೇಂಜರ್ ಸಾಹೇಬರು ಬರುತ್ತಾರೆ ಎಂದು ತಿಳಿಯಿತು. ಎಂದರೆ ಈ ಕಡೆಯ ಕಾಡಿಗೆಲ್ಲ ದೊಡ್ಡ ಅಧಿಕಾರಿ. ನಮ್ಮ ಪಾಠ ಕೇಳಿ ಒಂದು ಮಗು ತಾನಾಗಿ ಉರುಲು ಕಿತ್ತು ತಂದಿದೆ. ಇದಕ್ಕಿಂತ ದೊಡ್ಡ ಫಲ ಏನಿದೆ ಎಂದುಕೊಂಡೆ. ತಂತಿಯ ಮೇಲೆ ಯಾರ ಹೆಸರೂ ಇಲ್ಲವಲ್ಲ ಎಂದು ಧೈರ್ಯ ತಂದುಕೊಂಡೆ. ಮೇಜಿನ ನಡುವೆ ಇಟ್ಟು ಚೀಟಿ ಬರೆದೆ: "ಉರುಲು. ಕರಡಿ ಗವಿಯ ದಾರಿಯಲ್ಲಿ ಕಿತ್ತದ್ದು. ತಂದವರು: ಚೈತ್ರ, ಆರನೇ ತರಗತಿ." ಅಷ್ಟು ಅಂದವಾಗಿ ನಾನು ಯಾವ ಚೀಟಿಯನ್ನೂ ಬರೆದಿರಲಿಲ್ಲ.

ಮಕ್ಕಳೇ, ಆಗ ನಾನು ಯೋಚಿಸಿದ್ದು ಕಾಡಿನ ಬಗ್ಗೆ ಅಲ್ಲ, ಚೈತ್ರಳ ಬಗ್ಗೆಯೂ ಅಲ್ಲ. ಸಾಹೇಬರು ಮೇಜು ನೋಡಿ "ಇದನ್ನ ಮಾಡಿದ್ಯಾರು?" ಎಂದು ಕೇಳಬೇಕು ಎಂಬ ಆಸೆ ಅಷ್ಟೆ.

ಸಾಹೇಬರು ಕೇಳಿದ್ದು ಬೇರೆ. ಉರುಲನ್ನು ಎತ್ತಿ, ಗಂಟನ್ನು ತಿರುಗಿಸಿ ನೋಡಿ, "ಯಾರಮ್ಮ ಚೈತ್ರ?" ಎಂದರು. ಅವಳು ಎದ್ದು ನಿಂತಳು. ಸುತ್ತ ಐವತ್ತು ಮಕ್ಕಳು, ಮೇಷ್ಟ್ರುಗಳು, ಸರದಿಯ ಹೆಂಗಸರು. ಅಂದಿನ ಊಟ ಗಂಗುಲಣ್ಣನ ಮನೆಯದು. ಅವರು ಬಾಗಿಲ ಬಳಿ ಸಾರಿನ ಪಾತ್ರೆ ಇಳಿಸುತ್ತಿದ್ದರು.

"ಶಭಾಷ್. ಇದನ್ನ ಯಾರು ಹಾಕಿದ್ದು ಅಂತ ಗೊತ್ತಾ ಪುಟ್ಟಾ?"

ಚೈತ್ರ ನನ್ನ ಕಡೆ ತಿರುಗಿ ನೋಡಿದಳು.

"ಹೆದರ್ಕೋಬೇಡ. ನಿಜ ಹೇಳೋ ಮಕ್ಳು ಒಳ್ಳೆಯೋರು. ಗೊತ್ತು ತಾನೆ?"

ದಾರಿಯಲ್ಲಿ ಬಿದ್ದಿತ್ತು, ನಾನೇ ಎತ್ತಿ ತಂದೆ ಎಂದು ನಾನು ಹೇಳಬಹುದಿತ್ತು. ಮಗುವನ್ನು ಬಿಡಿ, ಆಮೇಲೆ ಮಾತಾಡೋಣ ಎಂದಾದರೂ ಹೇಳಬಹುದಿತ್ತು. ಸೆರಗು ಹಿಡಿದು ನಿಂತೆ. ಅವಳ ಗದ್ದ ನಡುಗತೊಡಗಿತು.

ಗಂಗುಲಣ್ಣ ಕೈ ಒರೆಸಿಕೊಂಡು ಒಳಗೆ ಬಂದರು. "ಮಗೂನ ಕೇಳ್ಬೇಡಿ ಸಾಮಿ. ನಾನೇ ಹಾಕಿದ್ದು. ಹಂದಿ ಕಡಲೇಕಾಯೆಲ್ಲ ಬಗೆದಾಕಿತ್ತು" ಎಂದರು. ಆಮೇಲೆ ಹೆಂಗಸರ ಕಡೆ ತಿರುಗಿ, "ಮಕ್ಳಿಗೆ ಬಡಿಸ್ರಿ, ನಾನು ಬರ್ತೀನಿ" ಎಂದು ಜೀಪಿನ ಕಡೆ ನಡೆದರು.

ಕೇಸಾಯಿತು. ಜಾಮೀನಿನ ಮೇಲೆ ಹೊರಗೆ ಬಂದರು, ಕಾಡಿನೊಳಗೆ ಕಾಲಿಡಬಾರದು ಎಂಬ ಷರತ್ತಿನ ಮೇಲೆ. ಕೇಂದ್ರಕ್ಕೆ ಒಂದು ಮೆಚ್ಚುಗೆ ಪತ್ರ ಬಂತು. ಅದರಲ್ಲಿ ನನ್ನ ಹೆಸರಿತ್ತು, ಮೇಜಿನ ಅಚ್ಚುಕಟ್ಟನ್ನು ಹೊಗಳಿದ್ದರು. ನಾನು ಬಯಸಿದ್ದು ಸಿಕ್ಕಿತು. ಮಡಿಸಿ ರಾಗಿ ಡಬ್ಬದ ಕೆಳಗೆ ಹಾಕಿದೆ.

ಮುಂದಿನ ಶನಿವಾರ ಯಾರ ಮನೆಯಿಂದಲೂ ಊಟ ಬರಲಿಲ್ಲ. ಅದರ ಮುಂದಿನ ವಾರ ನಮ್ಮೂರಿನ ಮಕ್ಕಳೇ ಬರಲಿಲ್ಲ. ನಲ್ಲಿಯ ಹತ್ತಿರ ಹೋದರೆ, "ಚೀಟಿ ಅಮ್ಮ ಬಂದ್ಲು, ಬಿಂದಿಗೆ ಮುಚ್ಕಳ್ರೇ! ಯಾರ ಬಿಂದಿಗೆ, ಎಲ್ಲಿ ತುಂಬಿದ್ದು ಅಂತ ಬರೆದು ಅಂಟಿಸ್ಬಿಟ್ಟಾಳು" ಎಂದು ನಗುತ್ತಿದ್ದರು. ಬಿಂದಿಗೆ ತುಂಬಿಸಿಕೊಂಡು ಮನೆಗೆ ಬರುತ್ತಿದ್ದೆ.

ಒಂದು ತಿಂಗಳು ಕಳೆದ ಮೇಲೆ ಗಂಗುಲಣ್ಣನ ಮನೆಗೆ ಹೋದೆ. ಜಗಲಿಯಲ್ಲಿ ಕಡಲೇಕಾಯಿ ಸುಲಿಯುತ್ತಿದ್ದರು.

"ಅಣ್ಣ, ಉರುಲು ನಿಮ್ದು ಅಂತ ನಂಗೆ ಮೊದ್ಲೇ ಗೊತ್ತಿತ್ತು. ಗೊತ್ತಿದ್ದೇ ಇಟ್ಟೆ."

"ಪರ್ವಾಲೇದು ಬಿಡಮ್ಮ. ಹಾಕಿದ್ದು ನಾನು, ಅನುಭವಿಸ್ತಾ ಇರೋನೂ ನಾನು. ಆ ಚಿರತೆ ಫೋಟೋ ವಿಷ್ಯ ಮಗು ನಂಗೂ ಹೇಳಿದ್ಲು. ಆಮೇಲೆ ಹಾಕಿಲ್ಲ." ಒಂದು ಹಿಡಿ ಕಾಯಿ ಸುಲಿದು, "ನನ್ನ ಕೇಳಾಕೆ ಏನೈತೆ? ಅವಳನ್ನ ಕೇಳು" ಎಂದರು.

ಚೈತ್ರ ಒಳಗೆ ಹೋಂವರ್ಕ್ ಬರೆಯುತ್ತಿದ್ದಳು. ತಲೆ ಎತ್ತದೆ, "ಯಾರ್ಗೂ ಹೇಳಲ್ಲ ಅಂದಿದ್ರಿ" ಎಂದಳು.

"ಹೇಳಲಿಲ್ಲ ಕಣೇ."

"ಬರೆದ್ರಲ್ಲ."



ಊಟದ ಸರದಿಯನ್ನು ಮತ್ತೆ ಶುರುಮಾಡಿಸಿದವರೂ ಗಂಗುಲಣ್ಣನೇ. "ಮಕ್ಳ ಹೊಟ್ಟೆ ಮೇಲೆ ಸಿಟ್ಟು ತೀರಿಸ್ಕೋಬಾರ್ದು" ಎಂದು ಮನೆಮನೆಗೆ ಹೋಗಿ ಹೇಳಿದರಂತೆ. ತಾವು ಕಾಡಿಗೆ ಕಾಲಿಡುವಂತಿಲ್ಲದ್ದರಿಂದ ಸೊಸೆಯ ತಲೆಯ ಮೇಲೆ ಪಾತ್ರೆ ಹೊರಿಸಿ ಕಳಿಸಿದರು. ಆ ಶನಿವಾರ ಹೆಂಗಸರು, ಮಕ್ಕಳು ಎಲ್ಲ ಕೂತ ಮೇಲೆ ನಾನು ಎದ್ದು ನಿಂತೆ. ಮಗುವಿಗೆ ಮಾತು ಕೊಟ್ಟು ತಪ್ಪಿದ್ದು ನಾನು, ಹೊಗಳಿಕೆಗೆ ಆಸೆಪಟ್ಟದ್ದು ನಾನು, ಮಾತಾಡಬೇಕಾದಾಗ ಸುಮ್ಮನಿದ್ದದ್ದೂ ನಾನು ಎಂದೆ. ಆಮೇಲೆ ಗಂಗುಲಣ್ಣನ ಸೊಸೆ, "ಸರಿ, ಮುದ್ದೆ ಆರ್ತದೆ, ಎಲೆ ಹಾಕ್ರಿ" ಎಂದಳು. ಅಷ್ಟೆ.

ಚೈತ್ರ ಆ ದಿನ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಈಗ ಹೈಸ್ಕೂಲು. ಬಸ್ ಸ್ಟಾಂಡಿನಲ್ಲಿ ಸಿಕ್ಕರೆ ಗೌರವದಿಂದ ಪಕ್ಕಕ್ಕೆ ಸರಿದು ಜಾಗ ಬಿಡುತ್ತಾಳೆ, ಮಾತಾಡುವುದಿಲ್ಲ. ಮಕ್ಕಳಿಗೆ ಹಕ್ಕಿಯ ಹೆಸರು ಹೇಳಿಕೊಡಲು ಈಗ ಪುಸ್ತಕವಿದೆ. ಲದ್ದಿ ಬಿಡಿಸಿ ನಗಿಸುವವರಿಲ್ಲ.

ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ಮಕ್ಕಳು ನಿಮ್ಮನ್ನು ನಂಬಿ ಏನಾದರೂ ಕೈಯಲ್ಲಿಟ್ಟರೆ, ಅದನ್ನು ನಾಲ್ಕು ಜನರಿಗೆ ತೋರಿಸುವ ಮುಂಚೆ ನಿಮ್ಮನ್ನೇ ಕೇಳಿಕೊಳ್ಳಿ: ತೋರಿಸಬೇಕೆಂಬ ಆಸೆ ಯಾರದು, ತೋರಿಸಿದರೆ ಎದ್ದು ನಿಲ್ಲಬೇಕಾದವರು ಯಾರು. ನಾನು ಕೇಳಿಕೊಳ್ಳಲಿಲ್ಲ. ನನ್ನ ಬದಲು ಹನ್ನೊಂದು ವರ್ಷದ ಹುಡುಗಿ ಎದ್ದು ನಿಂತಳು.