ಸೈಲೆನ್ಸರಿನ ಮೂಗು

ನಮ್ಮ ಮನೆಯವರದು ಕಳ್ಳಂಬೆಳ್ಳದಲ್ಲಿ ಬೈಕ್ ರಿಪೇರಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಒಗ್ಗರಣೆ ಹಾಕುವಾಗ ಆಚೆ ಯಾವ ಗಾಡಿ ಕೆಮ್ಮುತ್ತಿದೆ ಎಂದು ನನಗೆ ತಿಳಿಯುತ್ತದೆ. ಈವತ್ತು ನಮ್ಮಲ್ಲಿ ಏನು ಸಾರು ಎಂದು ಗಾಡಿಯವರಿಗೆ ತಿಳಿಯುತ್ತದೆ.

ಅವರು ಹೆಸರು ಮಾಡಿದ್ದೇ ಕಿವಿಯಿಂದ. ಕಾರ್ಬೊರೇಟರಿನ ಪಕ್ಕ ಒಂದು ಸಣ್ಣ ಸ್ಕ್ರೂ ಇರುತ್ತದೆ. ಗಾಡಿ ಸ್ಟಾರ್ಟ್ ಮಾಡಿ, ಕಣ್ಣು ಮುಚ್ಚಿ, ಅದನ್ನು ಅರ್ಧ ಸುತ್ತು ಒಳಗೆ, ಕಾಲು ಸುತ್ತು ಆಚೆ ತಿರುಗಿಸುವರು. ಗಾಳಿ ಇಷ್ಟು, ಪೆಟ್ರೋಲ್ ಇಷ್ಟು. ನಾನು ಎಸರಿಗೆ ರಾಗಿಹಿಟ್ಟು ಸುರಿಯುವ ಹಾಗೆ, ಅಳತೆಯೆಲ್ಲ ಕೈಯಲ್ಲೇ. ಕಾರ್ಬೊರೇಟರಿನ ಸಂದಿ ಸೋರದ ಹಾಗೆ ಇಡುವ ಪ್ಯಾಕಿಂಗ್ ಬೇಕಾದರೆ ಮನೆಗೆ ಬಂದ ಮದುವೆ ಕಾರ್ಡನ್ನೇ ಕತ್ತರಿಸಿ ಇಡುವರು. ದಪ್ಪ ಕಾರ್ಡು ಕೊಟ್ಟವರ ಮದುವೆಗೆ ಹೋಗುವುದನ್ನು ನಾವು ತಪ್ಪಿಸಿದ್ದಿಲ್ಲ.

ಆಮೇಲೆ ಕಾರ್ಬೊರೇಟರೇ ಇಲ್ಲದ ಇಂಜೆಕ್ಷನ್ ಗಾಡಿಗಳು ಬಂದವು. ಮೊದಲನೆಯದರ ಪಕ್ಕ ಕುಕ್ಕರಗಾಲಲ್ಲಿ ಕೂತು, ಹೇನು ಹುಡುಕಿದಂತೆ ಹುಡುಕಿದರು. ಸ್ಕ್ರೂ ಇಲ್ಲ.

"ಎಲ್ಲಾ ಕಂಪ್ಯೂಟರೇ ನೋಡ್ಕಂತೈತಂತೆ ಕಣೇ," ಎಂದರು ರಾತ್ರಿ ಊಟಕ್ಕೆ ಕೂತು. "ಸೈಲೆನ್ಸರ್ ಪೈಪಿಗೆ ಒಂದು ಮೂಗು ಮಡಗವ್ರೆ. ಹೊಗೇಲಿ ಗಾಳಿ ಮಿಕ್ಕೈತಾ ಅಂತ ಅದು ಮೂಸಿ ಹೇಳ್ತೈತೆ. ಮಿಕ್ಕಿದ್ರೆ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಬುಡ್ತೈತೆ, ಇಲ್ಲಾಂದ್ರೆ ಕಮ್ಮಿ ಮಾಡ್ತೈತೆ."

"ಅಂಗಾದ್ರೆ ನಮ್ಮತ್ತೆ ಇದ್ದಂಗೆ ಅನ್ನಿ."

ನಮ್ಮತ್ತೆ ಪಡಸಾಲೆಯ ಮಂಚದಿಂದಲೇ ಅಡುಗೆಮನೆ ನಡೆಸುವವರು. ಒಲೆಯ ಹತ್ತಿರ ಸುಳಿಯುವುದಿಲ್ಲ. ವಾಸನೆ ಹಿಡಿದು "ಉರಿ ತಗ್ಸು ಕಣಮ್ಮ" ಅಂದರೆ ತಗ್ಗಿಸಬೇಕು, "ಇನ್ನೂ ಹಸಿ ವಾಸ್ನೆ" ಅಂದರೆ ಏರಿಸಬೇಕು.

"ಕೇಳುಸ್ತು ಕಣಮ್ಮ," ಎಂದರು ಮಂಚದಿಂದ. "ಕಿವೀನೂ ಚೆನ್ನಾಗೈತೆ."

ಹೋದ ವರ್ಷ ಬೇಸಗೆಯಲ್ಲಿ ಮದಲೂರಿನಿಂದ ನನ್ನ ತಮ್ಮ ತನ್ನ ಇಂಜೆಕ್ಷನ್ ಬೈಕನ್ನು ತಂದು ನಿಲ್ಲಿಸಿ, ಅದು ಸರಿಯಾಗುವವರೆಗೆ ನಮ್ಮಲ್ಲೇ ಉಳಿದ. ಹಿಂದೆ ಕರಿ ಹೊಗೆ, ಮೀಟರಿನಲ್ಲಿ ಹಳದಿ ದೀಪ. ಪ್ಲಗ್ ಬಿಚ್ಚಿದರೆ ಸೌದೆ ಒಲೆಯ ಮೇಲಿನ ಪಾತ್ರೆಯ ತಳದಂತೆ ಮಸಿ. ಅಂದರೆ ಪೆಟ್ರೋಲ್ ಜಾಸ್ತಿ. ಶಿರಾದಲ್ಲಿ ಕಂಪ್ಯೂಟರ್ ಇಟ್ಟುಕೊಂಡ ಪರಿಚಯದವರಲ್ಲಿ ತಂತಿ ಚುಚ್ಚಿ ನೋಡಿಸಿದರೆ, ಅದು ಗಾಳಿ ಜಾಸ್ತಿ ಎಂದಿತು. ಮೂಗೇ ಕೆಟ್ಟಿರಬೇಕೆಂದು ಬೇರೆ ಗಾಡಿಯ ಮೂಗು ತಂದು ಹಾಕಿದರು. ಅದೂ ಅದನ್ನೇ ಹೇಳಿತು.

ಮೂರು ದಿನ ಇದೇ ಆಯಿತು. ಶುಕ್ರವಾರ ಸಂಜೆ ನೋಡುತ್ತೇನೆ, ಸ್ಪಾನರುಗಳನ್ನೆಲ್ಲ ಒರೆಸಿ ಡಬ್ಬಕ್ಕೆ ಜೋಡಿಸುತ್ತಿದ್ದಾರೆ. ಆಯುಧಪೂಜೆ ಬಿಟ್ಟರೆ ಅವುಗಳಿಗೆ ಬಟ್ಟೆ ಸೋಕಿದ್ದನ್ನು ನಾನು ಕಂಡಿಲ್ಲ.

"ಇದೊಂದು ಸರಿಯಾಗ್ಲಿಲ್ಲ ಅಂದ್ರೆ ಸೋಮ್ವಾರದಿಂದ ಚಿಕ್ಕಪ್ಪನ ಹಿಟ್ಟಿನ ಮಿಲ್ಲಲ್ಲಿ ಕೂತ್ಕಂಬುಡ್ತೀನಿ ಕಣೇ. ಸ್ವಂತ ಭಾಮೈದನ ಗಾಡೀನೇ ಗೊತ್ತಾಗ್ಲಿಲ್ಲ ಅಂದ್ಮೇಲೆ ಬೇರೆಯೋರಿಗೆ ಯಾವ ಮಖ ತೋರ್ಸಾನ?"

ತಮ್ಮನಿಗೆ ಏನೂ ಅನ್ನಿಸಲಿಲ್ಲ.

"ಮಿಲ್ಗೋದ್ರೆ ನಮ್ದೂ ಎರಡು ಸೇರು ಬೀಸ್ಕೊಡು ಭಾವ."

"ಲೇ, ಬಾಯ್ಮುಚ್ಕಂಡ್ ಕೂತ್ಕಳ್ಲಾ."

ಶನಿವಾರ ಮಧ್ಯಾಹ್ನ ಬೇಳೆ ಬೇಯಲು ಇಟ್ಟಿದ್ದೆ. "ಸೀಯ್ತೈತೆ ಕಣಮ್ಮ, ಆರ್ಸು ಆರ್ಸು!" ಎಂದು ಮಂಚದಿಂದ ಕೂಗು. ಆರಿಸಿದೆ. ಅದೇ ಬೇಳೆಗೆ ಸಾರು ಕೂಡಿಸಿ ಮುದ್ದೆ ಬಡಿಸಿದೆ.

"ಏನೇ ಇದು, ಬೇಳೆ ಕಟಕಟ ಅಂತೈತೆ?"

"ಅತ್ತೆ ಸೀಯ್ತೈತೆ ಅಂದ್ರು, ಆರಿಸ್ಬುಟ್ಟೆ."

"ಸೀದಿದ್ದು ದಿಟ," ಎಂದರು ಅತ್ತೆ. "ನನ್ ಮೂಗು ಯಾವತ್ತು ಸುಳ್ಳೇಳೈತೆ?"

ಸುಳ್ಳೇನೂ ಅಲ್ಲ. ಸೆಖೆಯೆಂದು ಬೆಳಿಗ್ಗೆ ನಾನೇ ಮಂಚದ ಪಕ್ಕದ ಕಿಟಕಿ ತೆಗೆದಿದ್ದೆ. "ಪಕ್ಕದ್ಮನೇಲಿ ಕಡ್ಲೇಕಾಯಿ ಬೀಜ ಸೀದೋಗೈತೆ ಅತ್ತೆ. ಆ ವಾಸ್ನೆ ಕಿಟ್ಕೀಲಿ ಬಂದೈತೆ. ನಮ್ ಬೇಳೆ ಇನ್ನೂ ಹಸೀಗೇ ಇತ್ತು."

ಮನೆಯವರ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. "ಕಿಟ್ಕಿ," ಎಂದರು. ಎಂಜಲು ಕೈಯಲ್ಲೇ ಎದ್ದು ಅಂಗಡಿಗೆ ಹೋದರು. ಗಾಡಿ ಸ್ಟಾರ್ಟ್ ಮಾಡಿ, ಇಂಜಿನ್ನಿಗೆ ಸೈಲೆನ್ಸರ್ ಪೈಪ್ ಸೇರುವ ಜಾಗಕ್ಕೆ ಸೋಪಿನ ನೀರು ಎರಚಿದರು. ಬುಳುಬುಳು ಗುಳ್ಳೆ ಎದ್ದಿತು.

"ನೋಡೇ, ಹೊಗೆ ಸೋರೋ ಈ ಸಂದೀಲೇ ಹೊರಗಿನ ಗಾಳೀನೂ ಒಳಕ್ಕೋಗ್ತೈತೆ. ಅದನ್ನ ಮೂಸಿ ಮೂಗು ಗಾಳಿ ಜಾಸ್ತಿ ಅಂತೈತೆ, ಕಂಪ್ಯೂಟರ್ ನಂಬ್ಕಂಡು ಪೆಟ್ರೋಲ್ ಸುರೀತೈತೆ. ಲೇ ಭಾಮೈದ, ಇದುನ್ನ ಯಾವನ್ಲಾ ಬಿಚ್ಚಿದ್ದು?"

ತಮ್ಮ ಸೂರಿನ ಕಡೆ ನೋಡಿದ. ಗಾಡಿ ತೊಳೆಯಲು ಕೆರೆಗೆ ಇಳಿಸಿದನಂತೆ. ಸೈಲೆನ್ಸರಿಗೆ ಕೆಸರು ತುಂಬಿತಂತೆ. ಬಿಚ್ಚಿ ತೊಳೆಯುವಾಗ ಪೈಪಿನ ಸಂದಿ ಮುಚ್ಚುವ ಲೋಹದ ಬಳೆ ನೀರಿಗೆ ಬಿದ್ದು ಸಿಗಲಿಲ್ಲವಂತೆ. ಪೈಪನ್ನು ಬಿಚ್ಚಿದಾಗ ಆ ಬಳೆಯ ಜಾಗದಿಂದ ಸುಟ್ಟು ಕರಕಲಾದ ಒಂದು ಚೂರು ಉದುರಿತು. ಅದರ ಅಂಚಿನಲ್ಲಿ ಬಂಗಾರದ ಬಣ್ಣದ ಅಕ್ಷರ ಇನ್ನೂ ಓದಲು ಬರುತ್ತಿತ್ತು: 'ಬಂಧುಮಿತ್ರರೊಡನೆ ಆಗಮಿಸಿ'.

"ಬೆಂಕಿ ಬರೋ ಜಾಗಕ್ಕೆ ಮದ್ವೆ ಕಾರ್ಡ್ ಇಕ್ಕಿದ್ಯಲ್ಲೋ!"

"ನಿನ್ ನೋಡೇ ಕಲ್ತಿದ್ದು ಭಾವ. ದಪ್ಪದ್ದೇ ಆರಿಸಿ ಇಕ್ಕಿದ್ದೆ."

ಹೊಸ ಬಳೆ ಹಾಕಿದ ಮೇಲೆ ಹೊಗೆ ನಿಂತಿತು. ನಾಲ್ಕು ಸಲ ಊರು ಸುತ್ತಿ ಬರುವಷ್ಟರಲ್ಲಿ ಹಳದಿ ದೀಪವೂ ಆರಿತು. ಮನೆಯವರು ಗಾಡಿಯ ಪಕ್ಕ ಕಣ್ಣು ಮುಚ್ಚಿ ನಿಂತು ಸದ್ದು ಕೇಳಿದರು. ತಿರುಗಿಸಲು ಏನೂ ಇಲ್ಲದಿದ್ದರೂ ಸ್ಕ್ರೂಡ್ರೈವರ್ ಕೈಯಲ್ಲೇ ಇತ್ತು. ಆಮೇಲೆ ಡಬ್ಬವನ್ನು ಎತ್ತಿ, ಒರೆಸಿಟ್ಟ ಸ್ಪಾನರುಗಳನ್ನೆಲ್ಲ ಗಳಗಳನೆ ನೆಲಕ್ಕೆ ಸುರಿದರು. ಅಷ್ಟು ಒಳ್ಳೆಯ ಸದ್ದು ನಾನು ಕೇಳಿರಲಿಲ್ಲ.

ಒಳಗಿಂದ ಅತ್ತೆ ಕೂಗಿದರು: "ಬೇಳೆ ತಿರ್ಗಾ ಬೇಯಕ್ಕಿಡು ಕಣಮ್ಮ. ಮೊದ್ಲು ಆ ಕಿಟ್ಕಿ ಹಾಕು."